ಓಲೆಯ ಅಂಕಣ, ಪರದೆಯ ಅಂಕಣ : ಹಸ್ತಪ್ರತಿ ಜಾಲತಾಣಗಳ ಪುಟವಿನ್ಯಾಸವನ್ನು ಕುರಿತು

ಪ್ರಾಚೀನ ಹಸ್ತಪ್ರತಿಗಳ ಛಾಯಾಚಿತ್ರಗಳನ್ನೂ ಅವುಗಳ ಪಾಠವನ್ನೂ ಅಂತರ್ಜಾಲದಲ್ಲಿ ಪ್ರಕಟಿಸುವ ಕಾರ್ಯ ಈಗ ದೇಶದ ಹಲವು ಕಡೆಗಳಲ್ಲಿ ನಡೆಯುತ್ತಿದೆ. ೨೦೦೩ರಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದಂದಿನಿಂದ ಇದಕ್ಕೆ ಹೆಚ್ಚಿನ ಉತ್ತೇಜನ ದೊರೆತಿದೆ. ಜೈನ ಶಾಸ್ತ್ರಭಂಡಾರಗಳೂ ಈ ಮಾರ್ಗವನ್ನು ಹಿಡಿಯುತ್ತಿರುವುದು ಸಂತೋಷದ ಸಂಗತಿ. ಶಾಸ್ತ್ರದಾನವೆಂಬುದು ನಮ್ಮಲ್ಲಿ ಚತುರ್ವಿಧ ದಾನಗಳಲ್ಲೊಂದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ನಾಡಿನಲ್ಲಿ ಈ ಕಾರ್ಯದ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ಇಂತಹ ಜಾಲತಾಣವನ್ನು ರೂಪಿಸಹೊರಟವರು ಮೊಟ್ಟಮೊದಲು ಎದುರಿಸಬೇಕಾದ ಒಂದು ಪ್ರಶ್ನೆಯನ್ನು ನಮ್ಮ ವಿದ್ವಾಂಸರು ಇನ್ನೂ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಪರದೆಯ ಪುಟವನ್ನು ಎಷ್ಟು ಅಂಕಣಗಳಾಗಿ ವಿಭಾಗಿಸಬೇಕು, ಯಾವ ಅಂಕಣದಲ್ಲಿ ಏನನ್ನು ಇಡಬೇಕು ಎಂಬುದೇ ಆ ಪ್ರಶ್ನೆ. ಅದು ತಂತ್ರಜ್ಞರ ಕೆಲಸವೆಂದು ಪಂಡಿತರು ಬಿಟ್ಟುಬಿಡುತ್ತಾರೆ. ತಂತ್ರಜ್ಞರು ತಮ್ಮ ಬಳಿ ಸಿದ್ಧವಾಗಿರುವ ಒಂದು ಅಚ್ಚಿನಲ್ಲಿ ಗ್ರಂಥವನ್ನು ಸುರಿದುಬಿಡುತ್ತಾರೆ. ಹೀಗಾಗಕೂಡದು. ಅಂಕಣದ ಆಯ್ಕೆಯು ಗ್ರಂಥಸಂಪಾದನೆಯ ಅಂಗವೇ ಆಗಿದೆಯೆಂಬುದನ್ನು ಪ್ರಸ್ತುತ ಲೇಖನದಲ್ಲಿ ತೋರಿಸಲು ಯತ್ನಿಸಲಾಗಿದೆ.

ಆ ಸಿದ್ಧವಾದ ಅಚ್ಚು ಯಾವುದೆಂದರೆ, ಪುಟವನ್ನು ಲಂಬವಾಗಿ ಮೂರು ಪಾಲು ಮಾಡಿ ಎಡಗಡೆ ಮೂಲದ ಛಾಯಾಚಿತ್ರ, ನಡುವೆ ಮೂಲದಲ್ಲಿದ್ದಂತೆಯೇ ಬರೆದ ಯಥಾಪ್ರತಿ ಪಾಠ, ಬಲಗಡೆ ಪರಿಷ್ಕೃತ ಪಾಠ ಅಥವಾ ಅನುವಾದವನ್ನು ಇಡುವುದು. ನೋಟಕ್ಕೆ ಇದು ಅಚ್ಚುಕಟ್ಟಾದುದೇ. ಪಾಶ್ಚಾತ್ಯ ದೇಶಗಳ ಚರ್ಮಪತ್ರದ ಪುಸ್ತಕಗಳಿಗೆ ಇದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ಉದಾಹರಣೆಗೆ, ಕ್ರಿ.ಶ. ೪ನೆಯ ಶತಮಾನದ ಗ್ರೀಕ್ ಬೈಬಲ್ಲಿನ ಹಸ್ತಪ್ರತಿಯಾದ ಕೋಡೆಕ್ಸ್ ಸಿನೈಟಿಕಸ್ ಎಂಬುದನ್ನು ತೆಗೆದುಕೊಳ್ಳಬಹುದು. ಅದರ ಹಾಳೆಗಳು ಈಗ ಲಂಡನ್, ಲೈಪ್ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಹಾಗೂ ಸಿನಾಯ್ ಪರ್ವತದ ಮಠ ಈ ನಾಲ್ಕು ಕಡೆ ಹಂಚಿಹೋಗಿವೆ. ೨೦೦೯ರಲ್ಲಿ ಉಳಿದಿರುವ ಹಾಳೆಗಳೆಲ್ಲವೂ ಒಂದೇ ಜಾಲತಾಣದಲ್ಲಿ ಮತ್ತೆ ಒಂದುಗೂಡಿದವು. ಅಲ್ಲಿ ಹಾಳೆಯ ಚಿತ್ರದೊಡನೆಯೇ ಅದರ ಪಾಠವನ್ನೂ ಓದಬಹುದು. ಆ ಹಸ್ತಪ್ರತಿಯಲ್ಲಿ ಒಂದೊಂದು ಪುಟಕ್ಕೆ ನಾಲ್ಕು ಅಂಕಣಗಳಿವೆ. ಓದುಗನು ಮೊದಲನೆಯ ಅಂಕಣವನ್ನು ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿ ಎರಡನೆಯದಕ್ಕೆ ಹೋಗಬೇಕು. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, ಪದ್ಯರೂಪದ ಗ್ರಂಥಗಳು ಬಂದಾಗ ಅದರ ಲಿಪಿಕಾರರು ನಾಲ್ಕು ಅಂಕಣಗಳನ್ನು ಬಿಟ್ಟು ಎರಡೇ ಅಂಕಣಗಳಲ್ಲಿ ಬರೆದಿದ್ದಾರೆ. ಪದ್ಯದ ಸಾಲು ಮುರಿಯದಿರಲೆಂಬ ವಿವೇಚನೆ ಇದರ ಹಿಂದೆ ಇದ್ದಂತೆ ತೋರುತ್ತದೆ. ಅಂದರೆ ಅಲ್ಲಿ ಅಂಕಣವು ಬರೆಹದ ನಿಜವಾದ ಘಟಕ.

ನಮ್ಮ ಓಲೆಯ ಸಂಗತಿ ಬೇರೆ. ಉದ್ದವಾದ ತಾಡವಾಲೆಯ ಗರಿಯನ್ನು ನೋಡಿದವರಿಗೆ ಅದರಲ್ಲಿಯೂ ಎರಡು ಅಥವಾ ಮೂರು ಅಂಕಣಗಳಿರುವಂತೆ ಕಾಣುತ್ತದೆ. ಗರಿಯ ನಡುವೆ ದಾರ ಪೋಣಿಸಲು ತೂತು ಕೊರೆದು, ದಾರದ ತಿಕ್ಕಾಟಕ್ಕೆ ಅಕ್ಷರ ಸವೆಯಬಾರದೆಂದು ತೂತಿನ ಸುತ್ತಲೂ ಎಡೆ ಬಿಟ್ಟಿರುತ್ತಾರೆ. ತೂತು ಒಂದಾದರೆ ಬರೆಹ ಎರಡು ಪಾಲಾಗಿಯೂ, ಎರಡಾದರೆ ಮೂರು ಪಾಲಾಗಿಯೂ ತೋರುತ್ತದೆ. ಗುಜರಾತ್ ರಾಜಸ್ಥಾನಗಳ ಭಂಡಾರಗಳ ಉದ್ದನೆಯ ತಾಳೆಗರಿಗಳಲ್ಲಿ ಈ ಎಡೆಯನ್ನು ಓಲೆಯ ಮೇಲಿನಿಂದ ಕೆಳಗಿನವರೆಗೂ ಸ್ಫುಟವಾಗಿ ಬಿಡುವ ರೂಢಿಯುಂಟು. ಅಲ್ಲಿ ಅಂಕಣದ ಭ್ರಮೆ ಇನ್ನೂ ಹೆಚ್ಚು. ಆದರೆ ಇದು ಭ್ರಮೆಯೇ. ಸಾಲು ಮೊದಲನೆಯ ಪಾಲಿನಲ್ಲಿ ಮುಗಿದು ಕೆಳಕ್ಕೆ ಇಳಿಯುವುದಿಲ್ಲ. ಎಡೆಯನ್ನು ದಾಟಿ ಗರಿಯ ಬಲತುದಿಯವರೆಗೂ ಓಡುತ್ತದೆ. ಬಸದಿಯ ನವರಂಗದಲ್ಲಿ ಕಂಬಗಳ ನಡುವಣ ಎಡೆಯನ್ನು ನಾವು ಅಂಕಣವೆಂದು ಕರೆಯುತ್ತೇವೆ. ದರ್ಶನಕ್ಕೆ ಬಂದವನು ಒಂದು ಅಂಕಣದಿಂದ ಇನ್ನೊಂದಕ್ಕೆ ನೇರವಾಗಿ ನಡೆದುಹೋಗುತ್ತಾನೆಯೇ ಹೊರತು ಅಲ್ಲಿ ಗೋಡೆಯೇನೂ ಇರುವುದಿಲ್ಲ. ಓಲೆಯ ಅಂಕಣವೂ ಅಂತಹುದೇ. ಅದು ದಾರಕ್ಕೆ ಸಲ್ಲುವ ಏರ್ಪಾಡು, ಗ್ರಂಥಕ್ಕೆ ಸಲ್ಲುವುದಲ್ಲ.

ಈ ವ್ಯತ್ಯಾಸವನ್ನು ಅರಿಯದೆ ಓಲೆಯ ಪಾಲುಗಳನ್ನು ಪರದೆಯ ಮೇಲೆ ಅಂಕಣಗಳನ್ನಾಗಿ ಮಾಡಿದರೆ ಏನಾಗುತ್ತದೆ? ಮೊದಲನೆಯದಾಗಿ, ಓದಿನ ಕ್ರಮವೇ ತಪ್ಪುತ್ತದೆ. ಪರದೆಯ ಅಂಕಣವನ್ನು ಕಂಡವನು ಪತ್ರಿಕೆಯನ್ನು ಓದುವ ಅಭ್ಯಾಸದಿಂದ ಮೇಲಿನಿಂದ ಕೆಳಗೆ ಓದುತ್ತಾನೆ. ಯಂತ್ರವೂ ಹಾಗೆಯೇ ಓದುತ್ತದೆ. ಆಗ ಒಂದನೆಯ ಸಾಲಿನ ಮೊದಲ ಮೂರನೆಯ ಒಂದು ಭಾಗಕ್ಕೆ ಎರಡನೆಯ ಸಾಲಿನ ಮೊದಲ ಭಾಗ ಅಂಟಿಕೊಳ್ಳುತ್ತದೆ. ಎರಡನೆಯದಾಗಿ, ಪದಗಳು ಒಡೆಯುತ್ತವೆ. ಲಿಪಿಕಾರನು ಪದದ ಕೊನೆಯನ್ನು ನೋಡಿ ತೂತಿನ ಎಡೆಯನ್ನು ಬಿಟ್ಟವನಲ್ಲ. ‘ಅಪರಾಜಿತ’ ಎಂಬ ಪದವು ಎಡೆಯ ಆಚೀಚೆ ಬಿದ್ದಿತೆನ್ನೋಣ: ‘ಅಪ’ ಎಂಬುದು ಒಂದು ಅಂಕಣದಲ್ಲಿ, ‘ರಾಜಿತ’ ಎಂಬುದು ಇನ್ನೊಂದರಲ್ಲಿ. ಅಪರಾಜಿತನನ್ನು ಹುಡುಕುವ ಸಂಶೋಧಕನಿಗೆ ಅವನು ಸಿಕ್ಕುವುದಿಲ್ಲ. ‘ರಾಜಿತ’ ಎಂಬ ವಿಶೇಷಣವನ್ನು ಹುಡುಕಿದವನಿಗೆ ಇಲ್ಲದ ಒಂದು ಪ್ರಯೋಗ ಸಿಕ್ಕುತ್ತದೆ. ‘ಸಮವಸರಣ’ವು ಹಾಗೆಯೇ ಒಡೆದರೆ ಜಿನಸಭೆಯ ನಡುವೆ ‘ರಣ’ ಹುಟ್ಟುತ್ತದೆ! ಕಣ್ಣಿನಿಂದ ಓದುವ ಪಂಡಿತನಿಗೆ ಇದು ನಗೆಯ ಮಾತು. ಆದರೆ ಯಂತ್ರದ ಶಬ್ದಸೂಚಿಯನ್ನೇ ನಂಬಿ ನಿಘಂಟಿಗೆ ಪ್ರಯೋಗಗಳನ್ನು ಆರಿಸುವವರಿಗೆ ಅದು ನಗೆಯ ಮಾತಲ್ಲ.

ಹಳೆಯ ಹಸ್ತಪ್ರತಿಸೂಚಿಗಳು ಈ ವಿಷಯದಲ್ಲಿ ನಮಗಿಂತ ಎಚ್ಚರದಿಂದಿದ್ದವೆಂದು ತೋರುತ್ತದೆ. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ ಮೊದಲಾದ ಕಡೆಗಳ ಓಲೆಗ್ರಂಥಗಳನ್ನು ಪರಿಶೀಲಿಸಿ ಸಿದ್ಧಪಡಿಸಿದ ‘ಕನ್ನಡಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ (೧೯೪೮) ಎಂಬ ಸೂಚಿಯಲ್ಲಿ ಗರಿಗಳ ಸಂಖ್ಯೆ, ಗರಿಯೊಂದಕ್ಕೆ ಎಷ್ಟು ಪಂಕ್ತಿ, ಪಂಕ್ತಿಯೊಂದಕ್ಕೆ ಎಷ್ಟು ಅಕ್ಷರ ಎಂಬ ಲೆಕ್ಕವನ್ನು ಕಾಣುತ್ತೇವೆ. ಇಲ್ಲಿ ಪಂಕ್ತಿಯೆಂದರೆ ಗರಿಯ ಎಡತುದಿಯಿಂದ ಬಲತುದಿಯವರೆಗಿನ ಪೂರ್ಣ ಪಂಕ್ತಿಯೇ. ಓಲೆಯ ಬರೆಹಕ್ಕೆ ಪಂಕ್ತಿಯೇ ಮಾನ, ಅಂಕಣವಲ್ಲ.

ಇನ್ನೊಂದು ತೊಡಕು ಗರಿಯ ಆಕಾರದ್ದು. ಚರ್ಮಪತ್ರದ ಹಾಳೆ ಎತ್ತರವಾದುದು. ಪರದೆಯ ಎಡ ಅಂಕಣದಲ್ಲಿ ಅದು ಸಲೀಸಾಗಿ ನಿಲ್ಲುತ್ತದೆ. ಓಲೆಯಾದರೋ ಒಂದೂವರೆ ಎರಡು ಅಡಿ ಉದ್ದವಿದ್ದು ಎರಡು ಅಂಗುಲದಷ್ಟೇ ಅಗಲವಾಗಿರುವುದು ಸಾಮಾನ್ಯ. ಅದನ್ನು ಪರದೆಯ ಮೂರನೆಯ ಒಂದು ಪಾಲಿನ ಅಗಲಕ್ಕೆ ಕುಗ್ಗಿಸಿದರೆ ಕಾಣುವುದು ಗರಿಯಲ್ಲ, ಗರಿಯ ಬೆನ್ನೆಲುಬಿನ ಕಡ್ಡಿ. ಅಕ್ಷರವನ್ನು ಓದಲು ಚಿತ್ರವನ್ನು ಹಿಗ್ಗಿಸಲೇಬೇಕಾಗುತ್ತದೆ. ಹಿಗ್ಗಿಸಿದೊಡನೆ ಅದು ಪಕ್ಕದ ಪಾಠವನ್ನು ಮುಚ್ಚಿಬಿಡುತ್ತದೆ. ಚಿತ್ರವನ್ನೂ ಪಾಠವನ್ನೂ ಹೋಲಿಸಿ ನೋಡಲೆಂದೇ ಮಾಡಿದ ವಿನ್ಯಾಸವು ಹೋಲಿಕೆಯನ್ನೇ ಅಸಾಧ್ಯಗೊಳಿಸುತ್ತದೆ. ಇದಕ್ಕೆ ಪರಿಹಾರ ತೀರ ಸರಳ. ಗರಿಯ ಚಿತ್ರವು ಪರದೆಯ ಪೂರ್ಣ ಅಗಲಕ್ಕೆ ಮೇಲುಗಡೆ ಅಡ್ಡವಾಗಿ ಇರಲಿ. ಅದರ ಕೆಳಗೆ ಯಥಾಪ್ರತಿ ಪಾಠವು ಪಂಕ್ತಿಗೆ ಪಂಕ್ತಿ ಬರಲಿ. ಅದರ ಕೆಳಗೆ ಪರಿಷ್ಕೃತ ಪಾಠ, ಅಡಿಯಲ್ಲಿ ಪಾಠಾಂತರಗಳು. ಎಂದರೆ ಲಂಬವಾದ ಅಂಕಣಗಳ ಬದಲು ಅಡ್ಡವಾದ ಪಟ್ಟಿಗಳು.

ಇದು ಹೊಸ ಕಲ್ಪನೆಯೇನೂ ಅಲ್ಲ. ಕಾಗದದ ಜೈನ ಹಸ್ತಪ್ರತಿಗಳಲ್ಲಿ ತ್ರಿಪಾಠ, ಪಂಚಪಾಠ ಎಂಬ ವಿನ್ಯಾಸಗಳು ಬಹುಕಾಲದಿಂದ ರೂಢಿಯಲ್ಲಿದ್ದವು. ಮುನಿ ಪುಣ್ಯವಿಜಯರು ಜೈನ ಲೇಖನಕಲೆಯನ್ನು ಕುರಿತ ತಮ್ಮ ಗುಜರಾತಿ ಗ್ರಂಥದಲ್ಲಿ (೧೯೩೫) ಇವುಗಳನ್ನು ವಿವರಿಸಿದ್ದಾರೆ. ತ್ರಿಪಾಠದಲ್ಲಿ ಮೂಲವು ದಪ್ಪಕ್ಷರಗಳಲ್ಲಿ ಪುಟದ ನಡುವೆ, ಟೀಕೆಯು ಸಣ್ಣಕ್ಷರಗಳಲ್ಲಿ ಮೇಲೂ ಕೆಳಗೂ ಇರುತ್ತದೆ. ಪಂಚಪಾಠದಲ್ಲಿ ಇವಲ್ಲದೆ ಎಡಬಲದ ಅಂಚುಗಳಲ್ಲಿಯೂ ಟೀಕೆ ಹರಡುತ್ತದೆ. ಇವೆರಡೂ ಅಲ್ಲದೆ, ಮೂಲ ಟೀಕೆಗಳನ್ನು ಬೇರ್ಪಡಿಸದೆ ಒಂದೇ ಓಟದಲ್ಲಿ ಬರೆದುಕೊಂಡು ಹೋಗುವ ಕ್ರಮವೂ ಉಂಟು. ಯಾವ ಗ್ರಂಥಕ್ಕೆ ಯಾವುದು ತಕ್ಕುದೆಂಬುದನ್ನು ಟೀಕೆಯ ಪ್ರಮಾಣವನ್ನು ನೋಡಿ ನಿರ್ಣಯಿಸಬೇಕಾಗುತ್ತಿತ್ತು. ಪಂಚಪಾಠವನ್ನು ಪರದೆಯ ಮೇಲೆ ಅನುಕರಿಸುವುದು ನೋಡಲು ಸುಂದರವಾದೀತು, ಓದಲು ಅಲ್ಲ. ಅಂಚಿನ ಟೀಕೆಯನ್ನು ಓದಲು ಹಾಳೆಯನ್ನು ತಿರುಗಿಸಬಹುದು, ಪರದೆಯನ್ನು ತಿರುಗಿಸುವುದು ಹೇಗೆ? ತ್ರಿಪಾಠವಾದರೋ ಪರದೆಗೆ ಹೇಳಿಮಾಡಿಸಿದಂತಿದೆ. ಹೊರಗಿನ ಅಚ್ಚನ್ನು ಎರವಲು ತರುವ ಮುನ್ನ ನಮ್ಮ ಲಿಪಿಕಾರರು ಮಾಡಿಟ್ಟುದನ್ನು ನೋಡಬಹುದಾಗಿತ್ತು.

ಚಿತ್ರವೂ ಪಾಠವೂ ಒಂದೇ ನೋಟಕ್ಕೆ ಸಿಕ್ಕಬೇಕೆಂದು ಇಷ್ಟು ಒತ್ತಿ ಹೇಳುವುದೇಕೆಂದು ಕೆಲವರು ಕೇಳಬಹುದು. ಷಟ್ಖಂಡಾಗಮದ ಇತಿಹಾಸವೇ ಇದಕ್ಕೆ ಉತ್ತರ. ಮೂಡುಬಿದಿರೆಯ ಧವಲಾ ಪ್ರತಿಗಳಲ್ಲಿ ಪುಷ್ಪದಂತ ಭೂತಬಲಿಗಳ ಸೂತ್ರಗಳೂ ವೀರಸೇನಾಚಾರ್ಯರ ಟೀಕೆಯೂ ಬೇರೆ ಬೇರೆ ಸ್ಥಾನಗಳಲ್ಲಿಲ್ಲ. ಒಂದೇ ಓಟದಲ್ಲಿ ಸಾಗುತ್ತವೆ. ಸೂತ್ರ ಯಾವುದು, ಟೀಕೆ ಯಾವುದು ಎಂದು ಬಿಡಿಸುವುದೇ ಸಂಪಾದಕರ ಮೊದಲ ಶ್ರಮವಾಗಿತ್ತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ೧೯೩೯ರಲ್ಲಿ ಮೊದಲ ಸಂಪುಟ ಹೊರಬಂದಾಗ ಸಂಪಾದಕರ ಕೈಯಲ್ಲಿದ್ದುದು ಮೂಲದ ಓಲೆಯಲ್ಲ, ಪ್ರತಿಯ ಪ್ರತಿಗಳು. ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ಮನುಷ್ಯಿನಿಯರ ಗುಣಸ್ಥಾನಗಳನ್ನು ಹೇಳುವೆಡೆಯಲ್ಲಿ ‘ಸಂಜದ’ ಎಂಬ ಪದ ಆ ಪ್ರತಿಗಳಲ್ಲಿರಲಿಲ್ಲ. ಟೀಕೆಯ ಅಭಿಪ್ರಾಯವನ್ನು ನೋಡಿದರೆ ಆ ಪದ ಇರಲೇಬೇಕೆಂದು ಸಂಪಾದಕರು ಸೂಚಿಸಿದರು. ದ್ರವ್ಯಸ್ತ್ರೀ ಭಾವಸ್ತ್ರೀ ವಿಚಾರವಾಗಿ ಆಮೇಲೆ ನಡೆದ ವಾದವಿವಾದಗಳು ಈ ಪತ್ರಿಕೆಯ ಓದುಗರಿಗೆ ತಿಳಿಯದವೇನಲ್ಲ. ಕೊನೆಗೆ ಮೂಡುಬಿದಿರೆಯ ಓಲೆಯನ್ನೇ ತೆರೆದು ನೋಡಿದಾಗ ಆ ಪದ ಅಲ್ಲಿದ್ದಿತು. ‘ಸಂಜದಾಸಂಜದ’ ಎಂಬ ಪದದ ಬೆನ್ನಿಗೇ ಮತ್ತೊಮ್ಮೆ ‘ಸಂಜದ’ ಬರುವುದರಿಂದ ಪ್ರತಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಜಾರಿ ಪದ ಬಿಟ್ಟುಹೋಗಿರಬೇಕೆಂದು ನಮಗೆ ತೋರುತ್ತದೆ. ಇಂತಹ ದೋಷಗಳನ್ನು ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ (೧೯೬೪) ವಿಸ್ತಾರವಾಗಿ ಚರ್ಚಿಸಿದ್ದಾರೆ.

ಗರಿಯ ಚಿತ್ರದ ಕೆಳಗೆ ಅದರ ಪಂಕ್ತಿಗಳು ಇದ್ದಂತೆಯೇ ಅಂದು ಓದುಗರ ಮುಂದಿದ್ದಿದ್ದರೆ ಒಂದು ಪದದ ಇರವಿಗಾಗಿ ಅಷ್ಟು ಕಾಲ ತರ್ಕವನ್ನು ಹೂಡಬೇಕಾಗುತ್ತಿರಲಿಲ್ಲ. ಆದುದರಿಂದ, ಚಿತ್ರವನ್ನು ಒಂದು ಪುಟದಲ್ಲಿಯೂ ಪಾಠವನ್ನು ಬೇರೊಂದು ಪುಟದಲ್ಲಿಯೂ ಇಟ್ಟು ಓದುಗನನ್ನು ಓಡಾಡಿಸುವ ಜಾಲತಾಣಗಳು, ಚಿತ್ರವನ್ನು ಕೇವಲ ಅಲಂಕಾರಕ್ಕೆ ಇಟ್ಟುಕೊಂಡಿವೆಯೆಂದೇ ಹೇಳಬೇಕಾಗುತ್ತದೆ. ಚಿತ್ರವೊಂದಿದ್ದರೆ ಸಾಕು, ಪಾಠ ಬೇಡವೆನ್ನುವವರೂ ಇದ್ದಾರೆ. ಹಳಗನ್ನಡದ ಓಲೆಯನ್ನು ಓದಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತಿರುವಾಗ ಈ ಮಾತನ್ನು ಒಪ್ಪುವುದು ಕಷ್ಟ.

ಇನ್ನು ಪದ್ಯಕಾವ್ಯಗಳ ವಿಚಾರ. ಇದಕ್ಕೆ ಹುಣಸೂರು ಸೀಮೆಯ ಕಲ್ಲಹಳ್ಳಿಯ ೩ನೆಯ ಮಂಗರಸನಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ೧೬ನೆಯ ಶತಮಾನದ ಆದಿಭಾಗದಲ್ಲಿದ್ದ, ಚೆಂಗಾಳ್ವರ ಸಚಿವರ ವಂಶದ ಈ ಜೈನಕವಿಯು ಒಂದೇ ಛಂದಸ್ಸಿಗೆ ಅಂಟಿಕೊಂಡವನಲ್ಲ. ಜಯನೃಪಕಾವ್ಯವು ಪರಿವರ್ಧಿನೀ ಷಟ್ಪದಿಯಲ್ಲಿದೆ. ಸೂಪಶಾಸ್ತ್ರವು ವಾರ್ಧಕ ಷಟ್ಪದಿಯಲ್ಲಿದೆ. ನೇಮಿಜಿನೇಶ ಸಂಗತಿಯು ಸಾಂಗತ್ಯದಲ್ಲಿದೆ. ಓಲೆಯಲ್ಲಿ ಇವೆಲ್ಲವೂ ನೋಟಕ್ಕೆ ಒಂದೇ. ಪಾದಕ್ಕೊಂದು ಸಾಲೆಂಬ ಕ್ರಮ ಓಲೆಯಲ್ಲಿಲ್ಲ. ಪದ್ಯ ಮುಗಿದಲ್ಲಿ ಗೆರೆ ಎಳೆದು ಸಂಖ್ಯೆ ಹಾಕಿ ಅದೇ ಪಂಕ್ತಿಯಲ್ಲಿ ಮುಂದಿನ ಪದ್ಯವನ್ನು ಆರಂಭಿಸುತ್ತಾರೆ. ಪಾದಗಳನ್ನು ಬಿಡಿಸಿ ಸಾಲುಗಳನ್ನಾಗಿ ನಿಲ್ಲಿಸಿದವರು ಮುದ್ರಣಯುಗದ ಸಂಪಾದಕರು. ಕಾಗದವನ್ನು ಉಳಿಸುವ ದೃಷ್ಟಿಯಿಂದ ಹಳೆಯ ಮುದ್ರಣಗಳಲ್ಲಿ ಪುಟಕ್ಕೆ ಎರಡು ಅಂಕಣಗಳಲ್ಲಿ ಪದ್ಯಗಳನ್ನು ಅಚ್ಚು ಹಾಕಿದ್ದೂ ಉಂಟು. ಸಾಂಗತ್ಯದ ಗಿಡ್ಡ ಸಾಲುಗಳಿಗೆ ಅದರಿಂದ ಬಾಧೆಯಿಲ್ಲ.

ಷಟ್ಪದಿಗೆ ಬಾಧೆಯುಂಟು. ಪರಿವರ್ಧಿನಿಯ ೧, ೨, ೪, ೫ನೆಯ ಪಾದಗಳಲ್ಲಿ ೧೬ ಮಾತ್ರೆಗಳು. ೩ ಮತ್ತು ೬ನೆಯ ಪಾದಗಳಲ್ಲಿ ಅದರ ಒಂದೂವರೆಯಷ್ಟು ಹಾಗೂ ಮೇಲೊಂದು ಗುರು, ಎಂದರೆ ೨೬ ಮಾತ್ರೆಗಳು. ವಾರ್ಧಕದಲ್ಲಿ ಇದು ೨೦ಕ್ಕೆ ೩೨. ಅಂಕಣದ ಅಗಲವನ್ನು ಗಿಡ್ಡ ಪಾದಗಳಿಗೆ ಸರಿಯಾಗಿ ಗೊತ್ತುಮಾಡಿದರೆ ಉದ್ದನೆಯ ಪಾದಗಳೆರಡೂ ಮುರಿದು ಕೆಳಗಿನ ಸಾಲಿಗೆ ಬೀಳುತ್ತವೆ. ಆರು ಪಾದಗಳ ಪದ್ಯವು ಎಂಟು ಸಾಲಿನದಾಗಿ ಕಾಣುತ್ತದೆ, ಷಟ್ಪದಿಯು ಅಷ್ಟಪದಿಯಾಗುತ್ತದೆ! ಇದು ಕೇವಲ ನೋಟದ ಪ್ರಶ್ನೆಯಲ್ಲ. ೩ನೆಯ ಪಾದದ ಆ ನೀಳವಾದ ಓಟ, ಕೊನೆಯ ಗುರುವಿನ ಮೇಲಿನ ನಿಲುಗಡೆ ಇವೇ ಷಟ್ಪದಿಯ ಪ್ರಾಣ. ಮುರಿದ ಸಾಲಿನಲ್ಲಿ ಗಣಭಂಗವನ್ನು ಗುರುತಿಸುವುದೂ ಕಷ್ಟ. ಲಿಪಿಕಾರನು ಒಂದು ಗಣವನ್ನೇ ಬಿಟ್ಟಿದ್ದರೂ ಓದುಗನಿಗೆ ಅದು ಹೊಳೆಯದೆ ಹೋಗಬಹುದು. ಆದುದರಿಂದ ಷಟ್ಪದಿ ಕಾವ್ಯಕ್ಕೆ ಅಂಕಣದ ಅಗಲವನ್ನು ೩ನೆಯ ಪಾದದಿಂದಲೇ ಅಳೆಯಬೇಕು. ವಾರ್ಧಕದ ೩ನೆಯ ಪಾದ ಪೂರ್ಣವಾಗಿ ಹಿಡಿಯುವ ಅಂಕಣವೊಂದನ್ನು ಇಟ್ಟ ಮೇಲೆ ಸಾಮಾನ್ಯ ಪರದೆಯಲ್ಲಿ ಅದೇ ಅಳತೆಯ ಇನ್ನೊಂದಕ್ಕೆ ಸ್ಥಳ ಸಾಲುವುದಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಒಂದೇ ಜಾಲತಾಣದಲ್ಲಿ ಮಂಗರಸನ ಎಲ್ಲ ಕೃತಿಗಳನ್ನೂ ಒಂದೇ ಅಂಕಣದ ಅಳತೆಗೆ ಹೊಂದಿಸುವುದು ಅನುಚಿತ. ಕೃತಿಯ ಛಂದಸ್ಸು ಯಾವುದೋ ಅದರಂತೆ ಅಳತೆ ಬದಲಾಗಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಓಲೆಯ ಪಂಕ್ತಿಯನ್ನು ಉಳಿಸಿಕೊಂಡರೆ ಪಾದ ಮುರಿಯುತ್ತದೆ, ಪಾದವನ್ನು ಉಳಿಸಿಕೊಂಡರೆ ಪಂಕ್ತಿ ಅಳಿಯುತ್ತದೆ; ಎರಡನ್ನೂ ಹೇಗೆ ಕಾಪಾಡುವುದು? ಶಾಸನಸಂಪಾದಕರು ಈ ತೊಡಕನ್ನು ಎಂದೋ ಬಿಡಿಸಿಕೊಂಡಿದ್ದಾರೆ. ಕಲ್ಲಿನ ಪಂಕ್ತಿ ಎಲ್ಲಿ ಆರಂಭವಾಗುತ್ತದೆಯೋ ಅಲ್ಲಿ ಪಂಕ್ತಿಸಂಖ್ಯೆಯನ್ನು ಕೊಡುತ್ತಾರೆ. ಅದು ಪದದ ನಡುವೆ ಬಂದರೂ ಪದಕ್ಕೆ ಚ್ಯುತಿಯಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳಲ್ಲಿ ಓದಿದವರಿಗೆ ಇದು ಪರಿಚಿತವಾದ ವಿಧಾನ. ಪಾಶ್ಚಾತ್ಯ ವಿದ್ವಾಂಸರು ೧೯೮೭ರಲ್ಲಿ ಆರಂಭಿಸಿದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಎಂಬ ಗಣಕಲೇಖನ ಸಂಪ್ರದಾಯವೂ ಇದೇ ತತ್ತ್ವವನ್ನು ಅನುಸರಿಸುತ್ತದೆ: ಪದ್ಯ ಮತ್ತು ಪಾದಗಳನ್ನು ಪಾತ್ರೆಗಳಂತೆ ಬರೆಹವನ್ನು ಒಳಗೊಳ್ಳುವ ಘಟಕಗಳೆಂದು ಗುರುತಿಸಿ, ಹಸ್ತಪ್ರತಿಯ ಪುಟ, ಅಂಕಣ, ಪಂಕ್ತಿಗಳು ಬದಲಾಗುವ ಸ್ಥಾನಗಳಲ್ಲಿ ಮೈಲಿಗಲ್ಲಿನಂತಹ ಗುರುತನ್ನು ಮಾತ್ರ ನೆಡುವುದು. ಹೀಗೆ ಒಮ್ಮೆ ಬರೆದಿಟ್ಟ ಪಾಠವನ್ನು ಪಂಕ್ತಿಯ ಕ್ರಮದಲ್ಲಿಯೂ ಪಾದದ ಕ್ರಮದಲ್ಲಿಯೂ ತೋರಿಸಬಹುದು. ತೂತಿನ ಎಡೆಗೂ ಅಂತಹುದೇ ಒಂದು ಗುರುತು ಸಾಕು. ಅಂಕಣದ ವಿನ್ಯಾಸವನ್ನು ನಾಳೆ ಬದಲಾಯಿಸಬಹುದು. ಪಾಠದೊಳಕ್ಕೆ ಅಂಕಣವನ್ನು ತುರುಕಿದ್ದರೆ ಅದನ್ನು ಹೊರತೆಗೆಯುವುದು ಬಲು ಪ್ರಯಾಸದ ಕೆಲಸ.

ಹಳಗನ್ನಡದ ದೀರ್ಘ ಸಮಾಸಗಳೂ ಕಿರಿದಾದ ಅಂಕಣಕ್ಕೆ ಶತ್ರುಗಳೇ. ಎಡೆಯಿಲ್ಲದ ಸಮಾಸವು ಅಂಕಣಕ್ಕಿಂತ ಉದ್ದವಾದಾಗ ಒಂದೋ ಹೊರಕ್ಕೆ ಚಾಚುತ್ತದೆ, ಇಲ್ಲವೇ ಎಲ್ಲೆಂದರಲ್ಲಿ ಮುರಿಯುತ್ತದೆ. ಅಚ್ಚಿನ ಮೊಳೆ ಜೋಡಿಸುವವರಂತೆ ಅಲ್ಲಿ ಅಡ್ಡಗೆರೆಯನ್ನು ಹಾಕಿದರೆ ಅದು ಪಾಠದಲ್ಲಿ ನಿಂತುಬಿಡುತ್ತದೆ. ಅಂಕಣ ಅಗಲವಾದ ಮೇಲೂ ಪದದ ನಡುವೆ ಉಳಿದು ಶಬ್ದಶೋಧಕ್ಕೆ ಅಡ್ಡಿಯಾಗುತ್ತದೆ. ಅಗತ್ಯವಿದ್ದಾಗ ಮಾತ್ರ ಕಾಣಿಸಿಕೊಳ್ಳುವ ಒಡೆತದ ಗುರುತು ಯೂನಿಕೋಡ್ ಲಿಪಿಸಂಕೇತದಲ್ಲಿ ಇದೆ. ಅದನ್ನು ಸಮಾಸದ ಅವಯವಗಳ ನಡುವೆ ಇಡಬೇಕಾದವನು ಪಂಡಿತನೇ. ಸಮಾಸ ಎಲ್ಲಿ ಬಿಡುತ್ತದೆಂಬುದು ಯಂತ್ರಕ್ಕೆ ತಿಳಿಯದು.

ಇದುವರೆಗೆ ಹೇಳಿದುದು ಅಗಲವಾದ ಪರದೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಆದರೆ ಓದುಗನು ಎಲ್ಲಿದ್ದಾನೆ? ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯನ್ನೇ ನೋಡಬಹುದು. ಕಪಿಲಾ ನದಿಗೆ ಇಲ್ಲಿ ಕಟ್ಟಿದ ಅಣೆಕಟ್ಟು ೧೯೭೪ರಲ್ಲಿ ಮುಗಿದಂದಿನಿಂದ ನಾಡಿಗೆ ಈ ಊರು ಕಬಿನಿ ಜಲಾಶಯದ ಹೆಸರಿನೊಡನೆಯೇ ಪರಿಚಿತ. ಆದರೆ ಇದು ಪ್ರಾಚೀನ ಪುನ್ನಾಟ ದೇಶ. ಪುನ್ನಾಟದ ರಾಜಧಾನಿಯಾದ ಕೀರ್ತಿಪುರವು ಇದೇ ತಾಲ್ಲೂಕಿನ, ಇದೇ ನದಿಯ ದಡದ ಕಿತ್ತೂರೆಂದು ವಿದ್ವಾಂಸರು ಗುರುತಿಸಿದ್ದಾರೆ. ಈ ದೇಶದ ಹೆಸರನ್ನು ಹೊತ್ತ ಪುನ್ನಾಟ ಸಂಘದ ಜಿನಸೇನಾಚಾರ್ಯರು ಹರಿವಂಶಪುರಾಣವನ್ನು ಶಕ ೭೦೫ರಲ್ಲಿ (ಕ್ರಿ.ಶ. ೭೮೩), ಅದೇ ಸಂಘದ ಹರಿಷೇಣಾಚಾರ್ಯರು ಬೃಹತ್ಕಥಾಕೋಶವನ್ನು ಶಕ ೮೫೩ರಲ್ಲಿ ಮುಗಿಸಿದರು, ಎರಡೂ ರಚಿತವಾದದ್ದು ದೂರದ ವರ್ಧಮಾನಪುರದಲ್ಲಿ. ಉತ್ತರಕ್ಕೆ ಕೃಷ್ಣರಾಜನಗರದ ಸೀಮೆಯಲ್ಲಿ ಚಿಕ್ಕಹನಸೋಗೆಯ ತ್ರಿಕೂಟ ಬಸದಿಯಿದೆ. ದೇಶೀಗಣ ಪುಸ್ತಕಗಚ್ಛದ ಆಚಾರ್ಯಪರಂಪರೆಯೊಂದು ಪನಸೋಗೆಯೆಂಬ ಆ ಊ��ಿನ ಹೆಸರಿನಿಂದಲೇ ಪ್ರಸಿದ್ಧವಾಯಿತು. ಗಚ್ಛದ ಹೆಸರಿನಲ್ಲಿಯೇ ಪುಸ್ತಕವಿದ್ದ ಸೀಮೆಯಿದು. ಇಂದು ಇಲ್ಲಿನ ಆಸಕ್ತನಿಗೆ ಹರಿವಂಶಪುರಾಣವಾಗಲಿ ಮಂಗರಸನ ಓಲೆಯ ಚಿತ್ರವಾಗಲಿ ಸಿಕ್ಕುವುದಾದರೆ ಅದು ಬಹುಮಟ್ಟಿಗೆ ಅಂಗೈಯಗಲದ ಮೊಬೈಲ್ ಪರದೆಯ ಮೇಲೆಯೇ.

ಮೂರು ಅಂಕಣಗಳ ಅಚ್ಚು ಈ ಪುಟ್ಟ ಪರದೆಯಲ್ಲಿ ಏನಾಗುತ್ತದೆ? ಪಕ್ಕಪಕ್ಕ ನಿಲ್ಲಲು ಸ್ಥಳವಿಲ್ಲದ ಅಂಕಣಗಳು ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಮೊದಲನೆಯ ಅಂಕಣ ಪೂರ್ತಿಯಾಗಿ ಮುಗಿದ ಬಳಿಕವೇ ಎರಡನೆಯದು. ಪುಟವೊಂದರಲ್ಲಿ ಹತ್ತು ಗರಿಗಳನ್ನು ಇಟ್ಟಿದ್ದರೆ, ಮೊದಲು ಹತ್ತು ಗರಿಗಳ ಚಿತ್ರಗಳು, ಅನಂತರ ಹತ್ತು ಗರಿಗಳ ಪಾಠ, ಅದರ ಅನಂತರ ಅಷ್ಟಕ್ಕೂ ಪರಿಷ್ಕೃತ ಪಾಠ. ಏಳನೆಯ ಗರಿಯ ಒಂದು ಅಕ್ಷರವನ್ನು ಹೋಲಿಸಲು ಓದುಗನು ಬೆರಳು ಸವೆಯುವಷ್ಟು ಮೇಲೆ ಕೆಳಗೆ ಸರಿಸುತ್ತಿರಬೇಕು. ಅಡ್ಡಪಟ್ಟಿಗಳ ವಿನ್ಯಾಸಕ್ಕೆ ಈ ಆಪತ್ತಿಲ್ಲ. ಗರಿಯ ಒಂದೊಂದು ಮಗ್ಗುಲನ್ನೂ ಒಂದು ಘಟಕವಾಗಿ ಹಿಡಿದು ಚಿತ್ರ, ಪಂಕ್ತಿ, ಪದ್ಯಗಳನ್ನು ಆ ಘಟಕದೊಳಗೇ ಇಟ್ಟಿದ್ದರೆ ಪರದೆ ಎಷ್ಟು ಕಿರಿದಾದರೂ ಅವು ಅಗಲುವುದಿಲ್ಲ. ಮೊಬೈಲನ್ನು ಅಡ್ಡಲಾಗಿ ಹಿಡಿದರೆ ಅದು ಗರಿಯನ್ನು ಹಿಡಿದಂತೆಯೇ ಆಗುತ್ತದೆ. ವಾರ್ಧಕದ ಉದ್ದನೆಯ ಪಾದವೂ ಮುರಿಯದೆ ನಿಲ್ಲಬಹುದು.

ಹಾಗೆಂದು ಪಕ್ಕಪಕ್ಕದ ಅಂಕಣಗಳು ಎಲ್ಲಿಯೂ ಸಲ್ಲವೆಂದು ನಮ್ಮ ಅಭಿಪ್ರಾಯವಲ್ಲ. ಎರಡೂ ಕಡೆಯ ಬರೆಹಗಳು ಸಮಾನ ಗಾತ್ರದವಾಗಿ, ಒಂದನ್ನೊಂದು ಹೆಜ್ಜೆಹೆಜ್ಜೆಗೂ ನೋಡಿಕೊಳ್ಳಬೇಕಾದಲ್ಲಿ ಅವು ಯುಕ್ತವೇ. ಪ್ರಾಕೃತ ಗಾಹೆ ಮತ್ತು ಅದರ ಸಂಸ್ಕೃತ ಛಾಯೆ ಇದಕ್ಕೆ ಉತ್ತಮ ಉದಾಹರಣೆ. ಒಂದೇ ಪದ್ಯದ ಎರಡು ಪ್ರತಿಗಳ ಪಾಠಗಳನ್ನು ಎದುರುಬದುರಾಗಿ ಇಡುವುದು ಇನ್ನೊಂದು. ಗಾಹೆಯ ಪಕ್ಕದಲ್ಲಿ ಎರಡು ಪುಟಗಳ ಟೀಕೆಯನ್ನು ಇಟ್ಟು, ಗಾಹೆಯ ಕೆಳಗೆ ಗಜಗಟ್ಟಲೆ ಬೆಳ್ಳನೆಯ ಬಯಲನ್ನು ಬಿಡುವುದು ಮಾತ್ರ ಯುಕ್ತವಲ್ಲ. ಗದ್ಯಗ್ರಂಥಗಳಿಗೆ ಒಂದೇ ಅಂಕಣ ಸಾಕು. ಅಲ್ಲಿ ಸಾಲು ಅತಿ ಉದ್ದವಾಗಬಾರದೆಂಬುದಷ್ಟೇ ಎಚ್ಚರಿಕೆ.

ಖಾಲಿ ಜಾಗದ ಮಾತು ಬಂದುದರಿಂದ ಇನ್ನೊಂದು ಅಂಶವನ್ನು ಸೇರಿಸಬೇಕಾಗಿದೆ. ಓಲೆಯಲ್ಲಿ ಖಾಲಿ ಜಾಗ ಮೂರು ಬಗೆಯದು: ದಾರದ ತೂತಿಗಾಗಿ ಬಿಟ್ಟುದು, ಹುಳು ತಿಂದು ಅಥವಾ ಅಂಚು ಮುರಿದು ಆದುದು, ಮಾತೃಕೆಯಲ್ಲಿ ಅಕ್ಷರ ತಿಳಿಯದೆ ಲಿಪಿಕಾರನೇ ಬಿಟ್ಟುದು. ಕೆಲವು ಜಾಲತಾಣಗಳ ಪಾಠದಲ್ಲಿ ಈ ಮೂರಕ್ಕೂ ಒಂದೇ ಸಾಲು ಚುಕ್ಕಿಗಳನ್ನು ಇಟ್ಟಿರುವುದು ಕಂಡುಬರುತ್ತದೆ. ಮೊದಲನೆಯದರಲ್ಲಿ ಪಾಠ ಲೋಪವೇ ಆಗಿಲ್ಲ. ಅದನ್ನು ಚಿತ್ರದಲ್ಲಿ ನೋಡಿದರೆ ಸಾಕು, ಪರಿಷ್ಕೃತ ಪಾಠದಲ್ಲಿ ಅದು ಸುಳಿಯಲೇಬಾರದು. ಎರಡನೆಯದರಲ್ಲಿ ಮೇಲಿನ ಕೆಳಗಿನ ಪಂಕ್ತಿಗಳನ್ನು ನೋಡಿ ಎಷ್ಟು ಅಕ್ಷರಗಳು ಹೋಗಿರಬಹುದೆಂದು ಎಣಿಸಿ ಅಷ್ಟೇ ಚುಕ್ಕಿಗಳನ್ನು ಇಡಬೇಕು. ಷಟ್ಪದಿಯಾದರೆ ಮಾತ್ರೆಯ ಲೆಕ್ಕವೂ ಇದಕ್ಕೆ ಸಾಕ್ಷಿಯಾಗುತ್ತದೆ. ಮೂರನೆಯದಕ್ಕೆ ಬೇರೊಂದು ಚಿಹ್ನೆ ಬೇಕು. ಏಕೆಂದರೆ ಅಲ್ಲಿ ಓಲೆ ಮೌನವಾಗಿದ್ದರೂ ಅದರ ಮಾತೃಕೆ ಹೇಗಿತ್ತೆಂಬುದರ ಸುಳಿವು ಅದರಲ್ಲಿದೆ, ಪ್ರತಿಗಳ ವಂಶವೃಕ್ಷವನ್ನು ಕಟ್ಟುವವರಿಗೆ ಅದು ಬೇಕಾಗುತ್ತದೆ.